ಕರ್ನಲ್ ಮಗನಲ್ಲದ ಡ್ರಮ್ಮರ್

ಲಾಸ್ ಏಂಜಲೀಸಿನ ಗುಡ್ಡದ ಮೇಲಿರುವ ತನ್ನ ಹಳೇ ರೆಕಾರ್ಡುಗಳ ಅಂಗಡಿಯಲ್ಲಿ ಅರವತ್ತರ ದಶಕದ ಯಾವ ಬ್ಯಾಂಡಿನ ತಟ್ಟೆಯನ್ನು ಯಾರು ಎತ್ತಿಕೊಂಡರೂ ಡೆಲ್ಬರ್ಟ್ ಕನ್ನಡಕವನ್ನು ಹಣೆಗೇರಿಸಿ, "ಈ ಹಾಡುಗಾರನ ಅಪ್ಪ ಏನಾಗಿದ್ದ ಗೊತ್ತೇನಯ್ಯ? ಕರ್ನಲ್" ಎನ್ನುತ್ತಾನೆ. ಅವನ ಪ್ರಕಾರ ಉದ್ದ ಕೂದಲು, ಗಿಟಾರು, ಶಾಂತಿಮಂತ್ರ ಎಲ್ಲವೂ ಹುಟ್ಟಿದ್ದು ಸೇನೆಯ ಗುಪ್ತ ಕಚೇರಿಯಲ್ಲಿ. ಅಲ್ಲಿ ಸಹಿ ಬೀಳದೆ ಯಾವ ಹಿಪ್ಪಿಯೂ ಗಡ್ಡ ಬಿಡುವಂತಿರಲಿಲ್ಲ. "ನಮ್ಮಪ್ಪ ಬೇಕರೀಲಿ ಬ್ರೆಡ್ ಸುಡ್ತಿದ್ದ. ಅದಕ್ಕೇ ನಾನು ಡ್ರಮ್ ಬಾರಿಸ್ತಿದ್ದ ಬ್ಯಾಂಡನ್ನ ಆ ಕಚೇರಿಯೋರು ಯಾರೂ ಆರಿಸ್ಲಿಲ್ಲ." ಮಾತು ಇಲ್ಲಿಗೆ ಬಂತೆಂದರೆ ಹೆಂಡತಿ ನೊರೀನ್ ಆ ಬ್ಯಾಂಡಿನ ಒಂದೇ ಒಂದು ರೆಕಾರ್ಡನ್ನು ಹಾಕುತ್ತಾಳೆ. ಡೆಲ್ಬರ್ಟ್ ಕಣ್ಣು ಮುಚ್ಚಿ ಇಪ್ಪತ್ತರ ಹುಡುಗನಾಗುತ್ತಾನೆ. ಅವನ ಪೆಟ್ಟು ಹಾಡಿಗಿಂತ ಅರ್ಧ ತಾಳ ಹಿಂದೆ ಬೀಳುವುದನ್ನು ಐವತ್ತು ವರ್ಷದಿಂದ ಕೇಳುತ್ತ ಬಂದಿರುವ ನೊರೀನ್, "ಹೌದು ಕಣೋ, ಎಲ್ಲಾ ಆ ಕರ್ನಲ್‌ಗಳದ್ದೇ ಕಿತಾಪತಿ" ಎಂದು ವಾಲ್ಯೂಮನ್ನು ಇನ್ನಷ್ಟು ಏರಿಸುತ್ತಾಳೆ.