ಗಡಿ ದಾಟದ ಮಡಿಲಕ್ಕಿ

ಎರಡನೇ ಮಹಾಯುದ್ಧದ ಕಾಲ, ಕಾಳುಕಡ್ಡಿಗೆ ಅಭಾವ. ಹೊಸೂರಿನಿಂದ ಮೈಸೂರು ಸೀಮೆಗೆ ಹೋಗುವ ದಾರಿಯಲ್ಲಿ, ಗಡಿಯ ಚೆಕ್‌ಪೋಸ್ಟಿನಲ್ಲಿ ನಾನು ಪೊಲೀಸು ಪೇದೆ. ಒಂದು ಹಿಡಿ ಕಾಳೂ ಆಚೆಗೆ ಹೋಗಕೂಡದೆಂದು ಸರ್ಕಾರದ ಕಟ್ಟಪ್ಪಣೆ. ಜನರ ಗಂಟು ಬಿಚ್ಚಿಸುವುದು ನನ್ನ ಕೆಲಸ, ಬೈಸಿಕೊಳ್ಳುವುದು ಅದರ ಜೊತೆಗೆ ಬಂದ ಭತ್ಯೆ. ಕನ್ನಡ, ತಮಿಳು, ತೆಲುಗು, ಮೂರರಲ್ಲೂ ನನಗೆ ಮಂಗಳಾರತಿ ಆಗುತ್ತಿತ್ತು. ನಾನೋ ಹುಟ್ಟಾ ಮುಂಗೋಪಿ. ಆದರೆ ಅಪ್ಪ ಸತ್ತ ಮೇಲೆ ಮನೆಯ ಒಲೆ ಉರಿಯುತ್ತಿದ್ದದ್ದು ಆ ನೌಕರಿಯಿಂದ. “ಬೈಯೋ ಬಾಯಿ ನೋಡ್ಬ್ಯಾಡ ಕಣ್ಲಾ, ಗಂಟು ನೋಡು,” ಎಂದು ಹಿರಿಯ ಪೇದೆಯೊಬ್ಬರು ಹೇಳಿಕೊಟ್ಟಿದ್ದರು. ಹಾಗೇ ಕಲಿತುಕೊಂಡೆ.

ಒಂದು ಬೆಳಿಗ್ಗೆ ಅವ್ವ ನನ್ನ ತಂಗಿಯನ್ನು ಕರೆದುಕೊಂಡು ಅಲ್ಲಿಗೇ ಬಂದಳು. ತಂಗಿ ಬಾಣಂತನಕ್ಕೆಂದು ತವರಿಗೆ ಬಂದಿದ್ದವಳು, ಕೂಸು ಉಳಿಯಲಿಲ್ಲ. ಈಗ ಗಡಿಯಾಚೆ ಗಂಡನ ಮನೆಗೆ ಹೊರಟಿದ್ದಳು. ಮಡಿಲಲ್ಲಿ ಕೂಸಿಲ್ಲ, ಅಕ್ಕಿಯಾದರೂ ಇರಲಿ ಎಂದು ಅವ್ವ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿದ್ದಳು. ರಾಗಿ ಉಣ್ಣುವ ಮನೆ ನಮ್ಮದು; ಆ ಅಕ್ಕಿಯನ್ನು ಯಾರ್ಯಾರ ಮನೆಯಲ್ಲಿ ಬೇಡಿ ತಂದಿದ್ದಳೋ. ಮಗನೇ ಕಾವಲಿಗಿದ್ದಾನೆ, ತಡೆಯುವವರು ಯಾರು ಎಂದುಕೊಂಡಿದ್ದಳು. ಆದರೆ ಅವತ್ತು ಇನ್‌ಸ್ಪೆಕ್ಟರು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನೆಂಟರೆಂದು ಗಂಟು ಬಿಟ್ಟ ಪೇದೆಯೊಬ್ಬನನ್ನು ಹಿಂದಿನ ವಾರವಷ್ಟೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು.

“ಮಡ್ಲು ಬಿಚ್ಚಮ್ಮ,” ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಅವ್ವ ಒಮ್ಮೆ ಕುರ್ಚಿಯ ಕಡೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. “ಮಡ್ಲಕ್ಕಿಗೆ ಕೈ ಹಾಕ್ತೀಯೇನ್ಲಾ? ನಿನ್ ಕೈಗೆ ಹುಳ ಬೀಳಾ! ನಿನ್ನ ಹೆತ್ತ ಹೊಟ್ಗೆ ಬೆಂಕಿ ಬೀಳಾ!”

ದಾರಿಹೋಕರೆಲ್ಲ ನಿಂತುಬಿಟ್ಟರು. ಬೆಂಕಿ ಬಿದ್ದದ್ದು ಅವಳದೇ ಹೊಟ್ಟೆಗೆ. ಅಷ್ಟು ಸಿಟ್ಟಿನಲ್ಲೂ ಅವಳು ನನ್ನನ್ನು ಮಗ ಎಂದು ಕರೆಯಲಿಲ್ಲ. ಕರೆದರೆ ನನ್ನ ಅನ್ನ ಹೋಗುತ್ತದೆಂದು ಅವಳಿಗೆ ಅರ್ಥವಾಗಿತ್ತು. ನಾನು ಗಂಟನ್ನೇ ನೋಡುತ್ತ ನಿಂತೆ. ತಲೆ ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಕೊನೆಗೆ ತಂಗಿಯೇ ಸೆರಗು ಬಿಚ್ಚಿದಳು. ಹೊರಡುವ ಹೆಣ್ಣು ಮಡಿಲಕ್ಕಿಯಲ್ಲಿ ಒಂದು ಹಿಡಿಯನ್ನು ತವರಿಗೇ ಬಿಟ್ಟುಹೋಗುವುದು ನಮ್ಮಲ್ಲಿ ಪದ್ಧತಿ, ಹುಟ್ಟಿದ ಮನೆ ತಣ್ಣಗಿರಲೆಂದು. ದುಃಖದಲ್ಲಿ ಹೊಸ್ತಿಲ ಬಳಿ ಅದನ್ನು ಮರೆತಿದ್ದಳೇನೋ. ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, “ಇದು ಮನ್ಗೆ ಕಣಣ್ಣ,” ಎಂದಳು. ಉಳಿದ ಅಕ್ಕಿಯನ್ನು ಸರ್ಕಾರದ ಚೀಲಕ್ಕೆ ಸುರಿದು, ಬೆಲ್ಲ ಕೊಬ್ಬರಿಯನ್ನಷ್ಟೇ ಕಟ್ಟಿಕೊಂಡು ಗಡಿ ದಾಟಿದಳು. ಅವ್ವ ಅವಳ ಹಿಂದೆ ಹೋದಳು.

“ಅಷ್ಟು ಬೈದರೂ ತುಟಿಪಿಟಿಕ್ಕೆನ್ನಲಿಲ್ಲವಲ್ಲಯ್ಯ, ಪೊಲೀಸು ಅಂದರೆ ಹೀಗಿರಬೇಕು,” ಎಂದು ಇನ್‌ಸ್ಪೆಕ್ಟರು ತಮಿಳಿನಲ್ಲಿ ಮೆಚ್ಚಿಕೊಂಡರು. ಬೈಗುಳಕ್ಕೆ ಬಾರದ ಕಣ್ಣೀರು ಆ ಹೊಗಳಿಕೆಗೆ ಬಂತು. ಆಮೇಲೆ ಅವರು ನನ್ನ ಮುಚ್ಚಿದ ಮುಷ್ಟಿಯನ್ನು ನೋಡಿ ಚೀಲದ ಕಡೆ ಬೆರಳು ತೋರಿಸಿದರು.

ತವರಿನ ಹಿಡಿಯನ್ನೂ ಅದರೊಳಗೆ ಸುರಿದೆ. ಬೆವರಿಗೆ ಅಂಟಿಕೊಂಡ ಕೆಲವು ಕಾಳು ಅಂಗೈಯಲ್ಲೇ ಉಳಿದವು. ಅವನ್ನೂ ಕೊಡವಿ ಹಾಕಿದೆ.