ರಬಕವಿಯಲ್ಲಿ ಸಿಕ್ಕ ‘ಮಲ್ಲು’

ರಬಕವಿಯ ಸೀರೆ ಡಿಸೈನ್ ಅಂಗಡಿಯೊಂದರ ಕಂಪ್ಯೂಟರಿನಲ್ಲಿ ‘ಮಲ್ಲು’ ಎಂಬ ಫೋಲ್ಡರ್ ಕಂಡಿತು. ತೀರಿಕೊಂಡ ನನ್ನ ಅಣ್ಣನನ್ನು ಹಾಗೆ ಕರೆಯುತ್ತಿದ್ದುದು ಮನೆಯವರು ಮಾತ್ರ.

“ಇದು ಯಾರದವಾ?” ಎಂದು ಅಲ್ಲಿಯ ಪ್ರೋಗ್ರಾಮರ್ ಮಹಾದೇವಿಯನ್ನು ಕೇಳಿದೆ.

“ಯಾರಂತ ಗೊತ್ತಿಲ್ರಿ. ಇದೇ ಹೆಸರಿನ ಫೋಲ್ಡರ್‌ನ್ಯಾಗ ಇಡ್ಲಿಲ್ಲಂದ್ರ ಬಿಲ್ಡ್‌ಗೆ ಲೈಬ್ರರಿ ಸಿಗಂಗಿಲ್ಲ. ಬನಹಟ್ಟ್ಯಾಗೂ ಎಲ್ಲಾರೂ ಹಿಂಗ ಮಾಡ್ಕೊಂಡಾರ.”

ಸೀರೆ ದಡಿಯ ಚಿತ್ತಾರವನ್ನು ಮಗ್ಗಕ್ಕೆ ಹೊಂದಿಸುವ ಆ ಲೈಬ್ರರಿ ಎಂಬ ಸಿದ್ಧ ಕೋಡನ್ನು ಬರೆದು, ಬೇರೆಯವರ ಸಾಫ್ಟ್‌ವೇರ್‌ಗೂ ಆಗಲೆಂದು ಹಂಚಿದವನು ಅಣ್ಣ. ಅದು ಇರುವ ಜಾಗವೆಂದು ತನ್ನ ಕಂಪ್ಯೂಟರಿನ ‘ಮಲ್ಲು’ ಫೋಲ್ಡರನ್ನೇ ಅದರೊಳಗೆ ನಮೂದಿಸಿಬಿಟ್ಟಿದ್ದ. ಕೋಡನ್ನೆಲ್ಲ ಜೋಡಿಸಿ ಸಾಫ್ಟ್‌ವೇರ್ ಸಿದ್ಧಪಡಿಸುವ ಎಲ್ಲರ ಬಿಲ್ಡ್‌ಗಳೂ ಅದನ್ನೇ ಹುಡುಕುತ್ತಿದ್ದವು.

ನನ್ನದೂ ಅದೇ ಕಸುಬು. ಲೈಬ್ರರಿ ಎಲ್ಲಿದ್ದರೂ ಅದರ ಜಾಗವನ್ನು ಬಿಲ್ಡ್‌ಗೆ ತಿಳಿಸುವ ಸಣ್ಣ ಫೈಲೊಂದನ್ನು ಅಲ್ಲೇ ಕುಳಿತು ಬರೆದೆ. ಲೈಬ್ರರಿಯನ್ನು ಬೇರೆ ಕಡೆಗೆ ಸರಿಸಿ ನೋಡಿದೆವು. ಬಿಲ್ಡ್ ಸಲೀಸಾಗಿ ಮುಗಿಯಿತು.

“ಛಲೋ ಆತ್ರಿ. ಇನ್ನ ಈ ಮಲ್ಲುನ್ನ ತಗದ ಬಿಡ್ಲೇನ್ರಿ?” ಎಂದಳು.

“ತಗದ ಬಿಡವಾ” ಎಂದೆ.

ನಮ್ಮೂರು ಮುಧೋಳಕ್ಕೆ ಬಂದು ಆ ಫೈಲನ್ನು ಅಣ್ಣನ ಲೈಬ್ರರಿ ಬಳಸುವ ಉಳಿದವರಿಗೂ ಕಳಿಸಿದೆ. ನನ್ನ ಕಂಪ್ಯೂಟರಿನಲ್ಲಿ ‘ಮಲ್ಲು’ ಇನ್ನೂ ಇದೆ. ಈಗ ಅದನ್ನು ಯಾವ ಬಿಲ್ಡೂ ಹುಡುಕುವುದಿಲ್ಲ.