ಸತ್ತ ಹೇಸರಗತ್ತೆಯ ಹೊರೆ

ಕ್ರೇನ್ ಅಂತ ಕರೀತಿದ್ರಲ್ಲ, ಅವನ ವಿಷಯ ಹೇಳ್ತೀನಿ ಕೇಳು. ಆ ಹೆಸರಿಟ್ಟಿದ್ದು ಅವನು ಕೆಲಸ ಮಾಡೋ ಫರ್ನಿಚರ್ ಅಂಗಡಿಯವರು. ಬೆನ್ನಿಗೆ ಪಟ್ಟಿ ಬಿಗಿದು ಬೀರುವನ್ನ ಒಬ್ಬನೇ ಮಹಡಿಗೆ ಏರಿಸಿಬಿಡೋನು, ಮಹರಾಯ. ಬೀದೀಲಿ ಯಾರ ಮನೆ ಫ್ರಿಜ್ ಜರುಗಿಸಬೇಕಾದ್ರೂ ಇವನೇ ಬೇಕು. ಕಾಫಿಗೆ ಬಾ ಅಂತ ಕರೆಯೋರು, ಬಂದ ಮೇಲೆ ಮಂಚ ಎತ್ತಿಸೋರು. ಕಾಫೀನಾದ್ರೂ ನೆಟ್ಟಗೆ ಕೊಡ್ತಿದ್ರಾ? ನೀರು ನೀರು. ಪಾಪ, ಒಂದು ದಿನಕ್ಕೂ ಆಗಲ್ಲ ಅಂದವನಲ್ಲ.

ಹೀಗಿರೋವಾಗ ಒಂದು ಮಂಗಳವಾರ ಡಾಕ್ಟರು ಎಕ್ಸ್-ರೇ ನೋಡಿ, "ಇನ್ಮೇಲೆ ಒಂದು ಬಕೆಟ್ ನೀರೂ ಎತ್ತಬೇಡಪ್ಪಾ, ಬೆನ್ನು ಹೋಗಿದೆ" ಅಂದಿದ್ರು. ಅದನ್ನ ಅವನು ಯಾರ ಹತ್ರಾನೂ ಬಾಯಿಬಿಟ್ಟಿರಲಿಲ್ಲ. ಹೇಗೆ ಹೇಳ್ತಾನೆ? ಎತ್ತೋದು ಬಿಟ್ರೆ ತಾನ್ಯಾರು ಅಂತ ಅವನಿಗೇ ಗೊತ್ತಿರಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಅವನ ಅಕ್ಕನ ಮನೇಲಿ ಆಟ. ಇಸ್ಪೀಟಲ್ಲ, ಕೇರಮ್ಮೂ ಅಲ್ಲ. ಅಕ್ಕ ಕಥೆ ಕಟ್ಟೋಳು, ಮಿಕ್ಕವರು ಆ ಕಥೆಯೊಳಗಿನ ವೀರರು, ಆಗೋದು ಹೋಗೋದು ದಾಳದ ಮೇಲೆ. ಭಾವ ಮಂತ್ರವಾದಿ. ಕೆಳಗಿನ ಮನೆ ಟೈಲರ್ ಕಳ್ಳ. ಕೊಟ್ಟ ಬಟ್ಟೇಲಿ ತುಂಡು ಉಳಿಸ್ಕೊಳ್ಳೋನಿಗೆ ಸರಿಯಾದ ವೇಷ ಅಂತ ಭಾವ ನಗೋನು. ಇವನು ಮಲ್ಲ. ಇನ್ಯಾವ ವೇಷ ಕೊಡ್ತಾರೆ ಹೇಳು? ಆ ಆಟದಲ್ಲಿ ಹಗ್ಗಕ್ಕೂ ತೂಕ, ದೀಪದೆಣ್ಣೆಗೂ ತೂಕ. ಹೊರೆ ಮಿತಿ ಮೀರಿದ್ರೆ ಓಡೋಕಾಗಲ್ಲ, ಇನ್ನೂ ಮೀರಿದ್ರೆ ನಿಂತಲ್ಲೇ ನಿಂತೆ. ಅಕ್ಕ ಔಷಧಿ ಅಂಗಡೀಲಿ ಇರೋಳು, ಅಳತೆ ತೂಕದಲ್ಲಿ ಬಲು ಕಟ್ಟುನಿಟ್ಟು.

ಅದಕ್ಕೇ ಎಲ್ಲರೂ ಸೇರಿ ಆಟದೊಳಗೇ ಒಂದು ಹೇಸರಗತ್ತೆ ಇಟ್ಕೊಂಡಿದ್ರು. ಆ ಭಾನುವಾರವೂ ಸಿಕ್ಕಿದ್ದೆಲ್ಲ ಅದರ ಮೇಲೆ ಹೇರಿದ್ರು. ಡೇರೆ, ಕಬ್ಬಿಣದ ಪೆಟ್ಟಿಗೆ, ಭಾವ ಆಸೆಪಟ್ಟು ಎತ್ತಿಸಿದ ಯಾವನೋ ರಾಜನ ಕಲ್ಲಿನ ತಲೆ. ಅಷ್ಟರಲ್ಲಿ ಪ್ರವಾಹ ಬಂತು ಅಂದಳು ಅಕ್ಕ.

"ಹೇಸರಗತ್ತೆ ಹಗ್ಗ ಹಿಡ್ಕೊಳ್ಳಿ, ಓಡಿ!" ಅಂದ ಭಾವ.

"ಯಾವ ಹೇಸರಗತ್ತೆ ರೀ? ಹೋದ ವಾರ ಸೇತುವೆಯಿಂದ ಹೊರೆ ಸಮೇತ ಬಿದ್ದು ಸತ್ತಿತಲ್ಲ! ನೀವೇ ಅಯ್ಯೋ ಅಂದ್ರಿ," ಅಂದಳು ಅಕ್ಕ, ಲೆಕ್ಕದ ಹಾಳೆ ತಿರುವಿ ನೋಡಿ.

ಟೈಲರ್ ಹೊಟ್ಟೆ ಹಿಡ್ಕೊಂಡು ನಕ್ಕ. "ಇಷ್ಟು ಹೊತ್ತೂ ಸತ್ತಿದ್ದರ ಮೇಲೆ ಹೇರ್ತಾ ಇದ್ದೀವಾ ಹಾಗಾದ್ರೆ?"

"ಹೂಂ. ಈಗ ಇದೆಲ್ಲ ಯಾರ ಬೆನ್ನ ಮೇಲೆ?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. "ಇದ್ದಾನಲ್ಲ ನಮ್ಮ ಕ್ರೇನ್!" ಅಂದ ಭಾವ.

ಅಭ್ಯಾಸ ನೋಡು, ಇವನ ತಲೆ ಹೂಂ ಅನ್ನೋಕೆ ಅರ್ಧ ಬಗ್ಗಿತ್ತು. ಅಲ್ಲೇ ನಿಂತಿತು.

"ಆಗಲ್ಲ ಭಾವ."

"ಲೋ, ಆಟದ ಕಲ್ಲು ಕಣೋ! ಇದಕ್ಕೂ ಮೈಗಳ್ಳತನವಾ?"

"ಆಟದ್ದೂ ಆಗಲ್ಲ, ಮನೇದೂ ಆಗಲ್ಲ, ಅಂಗಡೀದೂ ಆಗಲ್ಲ. ಬೆನ್ನು ಹೋಗಿದೆ ಅಂತ ಡಾಕ್ಟರು ಹೇಳಿದ್ದಾರೆ."

ಅಕ್ಕ ಕೈಲಿದ್ದ ಪೆನ್ಸಿಲ್ ಕೆಳಗಿಟ್ಟಳು. "ಯಾವಾಗ ಹೇಳಿದ್ರು?"

"ಮಂಗಳವಾರ."

"ನಿನ್ನೆ ನನ್ನ ವಾಷಿಂಗ್ ಮಿಷನ್ ಹೊತ್ಕೊಂಡು ಬಂದ್ಯಲ್ಲೋ, ಮುಠ್ಠಾಳ!"

ಅವನು ಮುಂದಿದ್ದ ದಾಳ ಎತ್ತಿ ಪಕ್ಕಕ್ಕಿಟ್ಟ. ಅವಳು ಅವನ ಹತ್ತಿರ ಜರುಗಿ ಕೂತಳು.

"ಅಂಗಡೀಲಿ ಏನಂತ ಹೇಳ್ತೀಯ?"

"ಗೊತ್ತಿಲ್ಲ ಅಕ್ಕಾ. ನಿಮಗೆ ಹೇಳೋದ್ರಲ್ಲೇ ಸುಸ್ತಾಗಿ ಹೋಯ್ತು."

ಭಾವ ಗಡ್ಡ ಕೆರ್ಕೊಂಡ. ಆಮೇಲೆ, "ಆ ರಾಜನ ತಲೆ ನೀರಿಗೆ ಬೀಳಲಿ ಬಿಡು," ಅಂದ.

"ಡೇರೆ ನಾನು ಹೊರ್ತೀನಿ," ಅಂದ ಟೈಲರ್.

"ಕಡ್ಡಿ ಪೈಲ್ವಾನ್ ನೀನು, ಹೊತ್ರೆ ಹೆಜ್ಜೆ ಏಳಲ್ಲ," ಅಂದಳು ಅಕ್ಕ.

"ಹಾಗಾದ್ರೆ ಅದೂ ಹೋಗಲಿ. ಮಳೇಲಿ ನೆನೆಯೋಣ."

ಹೀಗೆ ಬರಿಗೈಯಲ್ಲೇ ದಡ ಹತ್ತೋಕೆ ಹೊರಟರು. ಮಲ್ಲನ ಸರದಿ ಬಂದಾಗ ನೋಡಿದ್ರೆ ಇವನು ಗೋಡೆಗೆ ಒರಗಿ, ಬಾಯಿ ತೆರೆದು, ನಿದ್ದೆ ಹೋಗಿದ್ದ. ಟೈಲರ್ ಎಬ್ಬಿಸೋಕೆ ಹೋದ. ಅಕ್ಕ ಅವನ ಕೈ ಹಿಡಿದು ತಡೆದು, ಸದ್ದಾಗದ ಹಾಗೆ ದಿಂಬಿನ ಮೇಲೆ ತಮ್ಮನ ಪರವಾಗಿ ತಾನೇ ದಾಳ ಹಾಕಿದಳು.